ಜೀರ್ಣೋದ್ಧಾರ ಅಂದ್ರೆ ಒಡೆದು ಕಟ್ಟೋದಾ? ಒಂದು ಪದದ ಹಳೆಯ ಲೆಕ್ಕ

  ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಮೆಟ್ರೋದಲ್ಲಿ ನಿಂತುಕೊಂಡೇ ಓದುವವರಿಗೆ ಅಂತ ಆಡಿದ ಮಾತನ್ನು ಸ್ವಲ್ಪ ತಿದ್ದಿ ಬರಹ ರೂಪದಲ್ಲಿ ಇಲ್ಲಿ ಕೊಡ್ತಿದ್ದೀನಿ.

ಇವತ್ತಿನ ವಿಷಯ ರಾಜ ಅಲ್ಲ, ಯುದ್ಧ ಅಲ್ಲ. ಒಂದು ಕೆಲಸ, ಮತ್ತು ಆ ಕೆಲಸಕ್ಕೆ ನಾವು ಇಟ್ಟಿರುವ ಹೆಸರುಗಳು. ಕೆಟ್ಟಿದ್ದನ್ನು ಸರಿ ಮಾಡುವುದಕ್ಕೆ ಏನಂತೀವಿ? ತಕ್ಷಣ ಬಾಯಿಗೆ ಬರೋದು ‘ರಿಪೇರಿ’. ಆದರೆ ಈ ಪದದ ಚೇಷ್ಟೆ ನೋಡಿ. "ಗಾಡಿ ರಿಪೇರಿ ಆಯ್ತು" ಅಂದ್ರೆ ಅರ್ಥ ಏನು? ಗ್ಯಾರೇಜಿನವನು ಹೇಳಿದ್ರೆ ಸರಿಹೋಯ್ತು ಅಂತ. ದಾರಿಯಲ್ಲಿ ನಿಂತವನು ಫೋನ್ ಮಾಡಿ ಹೇಳಿದ್ರೆ ಕೆಟ್ಟುಹೋಯ್ತು ಅಂತ! "ಮಿಕ್ಸಿ ರಿಪೇರಿಗೆ ಬಂದಿದೆ" ಅಂದ್ರೂ ಅಷ್ಟೇ. ಸರಿ ಮಾಡುವ ಕೆಲಸದ ಹೆಸರೇ ಕೆಟ್ಟ ಸ್ಥಿತಿಯ ಹೆಸರಾಗಿ ಕೂತಿದೆ.

ಇದು ತಮಾಷೆ. ಆದರೆ ಇದೇ ಕೆಲಸಕ್ಕಿರುವ ಇನ್ನೊಂದು ಪದ ಹೀಗೇ ಜಾರಿದೆ, ಮತ್ತು ಅದರಿಂದ ನಿಜವಾದ ನಷ್ಟ ಆಗ್ತಿದೆ. ಆ ಪದ ‘ಜೀರ್ಣೋದ್ಧಾರ’. ಅಲ್ಲಿಗೆ ಹೋಗುವ ಮೊದಲು ನಾವೆಲ್ಲ ಬದುಕ್ತಿರೋ ಊರುಗಳಲ್ಲಿ ಒಂದು ಸುತ್ತು ಹೊಡೆಯೋಣ.

ಊರಿಗೊಂದು ಮಾತು

ನಾನಿರೋದು ಪುಣೆಯಲ್ಲಿ. ಇಲ್ಲಿ ರಸ್ತೆ ಅಗೆದ ಕಡೆಯೆಲ್ಲ ಕಾಣುವ ಪದ ‘ದುರುಸ್ತಿ’. ನಮ್ಮ ‘ದುರಸ್ತಿ’ಯೇ. ಮೂಲ ಪಾರಸಿಯ ‘ದುರುಸ್ತ್’, ಅಂದರೆ ಸರಿಯಾದದ್ದು, ನೆಟ್ಟಗಿರೋದು. ದೆಹಲಿಯಲ್ಲಿರೋರು "ದೇರ್ ಆಯೇ ದುರುಸ್ತ್ ಆಯೇ" ಅನ್ನುವ ಗಾದೆಯನ್ನು ಕೇಳಿಯೇ ಇರ್ತೀರಿ. ಮರಾಠಿಯವರು ಇದೇ ಪದವನ್ನು ಸಂವಿಧಾನದವರೆಗೂ ತಗೊಂಡು ಹೋಗಿದ್ದಾರೆ. ನಾವು ‘ಸಂವಿಧಾನ ತಿದ್ದುಪಡಿ’ ಅನ್ನೋದನ್ನ ಅವರು ‘ಘಟನಾದುರುಸ್ತಿ’ ಅಂತಾರೆ. ಹಿಂದಿಯಲ್ಲಿ ಅದು ‘ಸಂಶೋಧನ್’. ಹೊಸದಾಗಿ ದೆಹಲಿಗೆ ಹೋದ ಕನ್ನಡಿಗರು ಪೇಪರಿನಲ್ಲಿ ‘ಸಂವಿಧಾನ್ ಸಂಶೋಧನ್’ ಅಂತ ಓದಿ, ಯಾರೋ ಸಂವಿಧಾನದ ಮೇಲೆ ರಿಸರ್ಚ್ ಮಾಡ್ತಿದ್ದಾರೆ ಅಂದುಕೊಂಡರೆ ಆಶ್ಚರ್ಯ ಇಲ್ಲ.

ಹೈದರಾಬಾದಿನಲ್ಲಿ ‘ಮರಮ್ಮತು’. ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ನಮ್ಮ ಕಡೆಗೆ ಬಂದ ಪದ. ಕನ್ನಡದಲ್ಲೂ ‘ಮರಾಮತ್ತು’ ಅಂತ ಹಳೆಯ ಕಡತಗಳಲ್ಲಿದೆ. ಚೆನ್ನೈಯಲ್ಲಿ ‘ಪಳುದು ಪಾರ್ಕ್ಕಿರದು’, ಅಂದರೆ ಕೆಟ್ಟಿರೋದನ್ನ ನೋಡೋದು. ಏನು ಕೆಟ್ಟಿದೆ ಅಂತ ಮೊದಲು ನೋಡು ಅನ್ನುವ ಬುದ್ಧಿ ಆ ಪದದಲ್ಲೇ ಇದೆ. ಬಗ್ ಹುಡುಕುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮದೇ ಅಚ್ಚ ಪದ ‘ತಿದ್ದು’. ಹಳಗನ್ನಡದಲ್ಲಿ ‘ತಿರ್ದು’. ತಮಿಳಿನ ‘ತಿರುತ್ತು’, ತೆಲುಗಿನ ‘ದಿದ್ದು’ ಇದರ ಅಕ್ಕತಂಗಿಯರು. ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸ್ತೀವಿ. ಹುಬ್ಬು ತಿದ್ದುತ್ತೀವಿ. ಪಹಣಿಯಲ್ಲಿ ಹೆಸರು ತಪ್ಪಾಗಿದ್ರೆ ತಿದ್ದುಪಡಿಗೆ ಅರ್ಜಿ ಹಾಕ್ತೀವಿ. ಇದ್ದದ್ದನ್ನು ಇಟ್ಟುಕೊಂಡೇ ಅದರ ಡೊಂಕನ್ನಷ್ಟೇ ಸರಿ ಮಾಡೋದು ತಿದ್ದೋದು. ಹಾಳೆ ಹರಿದು ಹಾಕಿ ಹೊಸದಾಗಿ ಬರೆದರೆ ಅದನ್ನು ಯಾರೂ ತಿದ್ದಿದ್ದು ಅನ್ನಲ್ಲ.

ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈಗ ಶಾಸನಗಳ ಹತ್ತಿರ ಹೋಗೋಣ.

ಖಂಡ, ಸ್ಫುಟಿತ, ಜೀರ್ಣ

ಎಪಿಗ್ರಾಫಿಯಾ ಕರ್ನಾಟಿಕದ ಯಾವುದಾದರೂ ಸಂಪುಟ ತೆಗೆದು, ದೇವಸ್ಥಾನಕ್ಕೋ ಬಸದಿಗೋ ಭೂಮಿ ಬಿಟ್ಟ ಶಾಸನಗಳನ್ನು ಓದ್ತಾ ಹೋಗಿ. ಚಾಲುಕ್ಯರ ಕಾಲ ಇರಲಿ, ಹೊಯ್ಸಳರ ಕಾಲ ಇರಲಿ, ಒಂದು ಮಾತು ಮತ್ತೆ ಮತ್ತೆ ಸಿಗುತ್ತೆ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಈ ಭೂಮಿಯ ಆದಾಯ ಯಾತಕ್ಕೆ ಅಂದ್ರೆ, ದೇವರ ಅಂಗಭೋಗಕ್ಕೆ, ಅಂದರೆ ಅಭಿಷೇಕ, ಗಂಧ, ಅಲಂಕಾರಕ್ಕೆ. ರಂಗಭೋಗಕ್ಕೆ, ಅಂದರೆ ಹಾಡು, ಕುಣಿತ, ವಾದ್ಯಕ್ಕೆ. ಅಲ್ಲಿರುವ ತಪಸ್ವಿಗಳ ಊಟಕ್ಕೆ. ಜೊತೆಗೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ.

ಪದ ಬಿಡಿಸಿ ನೋಡಿ. ಖಂಡ ಅಂದ್ರೆ ಮುರಿದದ್ದು. ಸ್ಫುಟಿತ ಅಂದ್ರೆ ಬಿರುಕು ಬಿಟ್ಟದ್ದು. ಜೀರ್ಣ ಅಂದ್ರೆ ಹಳತಾಗಿ ಸವೆದದ್ದು. ಊಟ ಜೀರ್ಣ ಆಯ್ತು ಅಂತೀವಲ್ಲ, ಅದೇ ಧಾತು. ಕಾಲ ಕಟ್ಟಡವನ್ನು ಅರಗಿಸಿಕೊಳ್ಳುತ್ತೆ. ಉದ್ಧಾರ ಅಂದ್ರೆ ಮೇಲೆತ್ತೋದು. ಒಟ್ಟಿನಲ್ಲಿ ಮುರಿದದ್ದು, ಬಿರಿದದ್ದು, ಸವೆದದ್ದು, ಈ ಮೂರನ್ನೂ ಮೇಲೆತ್ತುವ ಕೆಲಸ.

ಇಲ್ಲಿ ನನಗೆ ಮುಖ್ಯ ಅನ್ನಿಸೋದು ಎರಡು ಸಂಗತಿ. ಒಂದು, ಕೆಡುಕನ್ನು ಬೇರೆ ಬೇರೆ ಹೆಸರಿಟ್ಟು ಕರೆದಿದ್ದಾರೆ. ಬಿರುಕಿಗೆ ಮಾಡುವ ಚಿಕಿತ್ಸೆ ಬೇರೆ, ಮುರಿದದ್ದಕ್ಕೆ ಬೇರೆ. ಎರಡು, ಎಷ್ಟೋ ಕಡೆ ದೇವಸ್ಥಾನ ಕಟ್ಟಿಸಿದವರೇ, ಪ್ರತಿಷ್ಠೆ ಮಾಡಿಸಿದ ಸಂದರ್ಭದಲ್ಲೇ ಈ ಏರ್ಪಾಡು ಮಾಡಿದ್ದಾರೆ. ಗೋಡೆಯ ಗಾರೆ ಇನ್ನೂ ಹಸಿಯಾಗಿರುವಾಗಲೇ ಮುಂದೊಂದು ದಿನ ಇದು ಬಿರಿಯುತ್ತೆ ಅಂತ ಒಪ್ಪಿಕೊಂಡು ಅದಕ್ಕೆ ಗದ್ದೆ ಬಿಟ್ಟಿದ್ದಾರೆ. ಅದೂ ಒಂದು ವರ್ಷಕ್ಕಲ್ಲ, ಚಂದ್ರ ಸೂರ್ಯರು ಇರುವವರೆಗೆ! ನಮ್ಮ ಕಂಪನಿಗಳಲ್ಲಿ ಪ್ರಾಜೆಕ್ಟ್ ಗೋ-ಲೈವ್ ಆದ ಮೇಲೆ "ಮೇಂಟೆನೆನ್ಸಿಗೆ ಬಜೆಟ್ ಎಲ್ಲಿಂದ?" ಅಂತ ಮೀಟಿಂಗ್ ಕರೀತಾರಲ್ಲ, ಅದಕ್ಕೆ ಪೂರ್ತಿ ಉಲ್ಟಾ.

ಶಾಸನದ ಕೊನೆಗೆ ಬರುವ ಶಾಪಾಶಯದ ಶ್ಲೋಕಗಳಲ್ಲಿ ಒಂದು ಬಹಳ ಕಡೆ ಸಿಗುತ್ತೆ. ಅದರ ಸಾರ ಇಷ್ಟು: ತಾನು ದಾನ ಕೊಡುವುದು, ಇನ್ನೊಬ್ಬರು ಕೊಟ್ಟಿದ್ದನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಹೆಚ್ಚು. ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಅದಕ್ಕಿಂತ ಮೇಲಿನ, ನಾಶವಿಲ್ಲದ ಪದವಿ. ಕಟ್ಟಿದವರೇ ತಮ್ಮ ಶಾಸನದಲ್ಲಿ, ಕಾಯುವವನು ನನಗಿಂತ ದೊಡ್ಡವನು ಅಂತ ಕಲ್ಲಿನಲ್ಲಿ ಬರೆಸಿದ್ದಾರೆ.

ಒಂದೇ ಬಂಡೆಯ ಮೇಲೆ ಒಂದು ಕೆರೆಯ ಚರಿತ್ರೆ

ಸರಿ ಮಾಡುವ ಕೆಲಸ ಹೆಮ್ಮೆಯ ಕೆಲಸ ಆಗಿತ್ತು ಅನ್ನೋದಕ್ಕೆ ದೇಶದಲ್ಲೇ ದೊಡ್ಡ ಸಾಕ್ಷಿ ಗುಜರಾತಿನ ಜುನಾಗಢದಲ್ಲಿದೆ. ಗಿರ್ನಾರ್ ಬೆಟ್ಟದ ಹತ್ತಿರದ ಒಂದೇ ಬಂಡೆಯ ಮೇಲೆ ಅಶೋಕನ ಶಾಸನಗಳಿವೆ, ಕ್ಷತ್ರಪ ರುದ್ರದಾಮನನ ಶಾಸನ ಇದೆ, ಗುಪ್ತರ ಸ್ಕಂದಗುಪ್ತನ ಶಾಸನವೂ ಇದೆ. ಇದರಲ್ಲಿ ಕೊನೆಯ ಎರಡರ ವಸ್ತು ಸುದರ್ಶನ ಅನ್ನುವ ಕೆರೆ.

ರುದ್ರದಾಮನನ ಶಾಸನ ಸುಮಾರು ಕ್ರಿ.ಶ. 150ರದ್ದು. ಅದು ಮೊದಲು ಹಿಂದಿನವರ ಹೆಸರು ಹೇಳುತ್ತೆ. ಕೆರೆ ಕಟ್ಟಿಸಿದ್ದು ಚಂದ್ರಗುಪ್ತ ಮೌರ್ಯನ ಅಧಿಕಾರಿ ಪುಷ್ಯಗುಪ್ತ. ಕಾಲುವೆಗಳನ್ನು ಮಾಡಿಸಿದ್ದು ಅಶೋಕನ ಕಾಲದ ತುಷಾಸ್ಫ. ಆಮೇಲೆ ಭಾರಿ ಮಳೆಗಾಳಿ ಬಂತು, ಸುವರ್ಣಸಿಕತಾ, ಪಲಾಶಿನಿ ನದಿಗಳು ಉಕ್ಕಿದವು, ಏರಿ ಒಡೆಯಿತು. ಒಡಕಿನ ಅಳತೆಯನ್ನೂ ಬರೆಸಿದ್ದಾನೆ: 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳ. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ 630 ಅಡಿ ಉದ್ದ, 110 ಅಡಿಗೂ ಮೀರಿದ ಆಳ. ಇದು ಆಗದ ಕೆಲಸ ಅಂತ ಮಂತ್ರಿಗಳು ಕೈಚೆಲ್ಲಿದರು. ಜನ ಇನ್ನು ಕೆರೆ ಕಟ್ಟಲ್ಲ ಅಂತ ಗೋಳಾಡಿದರು. ಕೊನೆಗೆ ಪಹ್ಲವ ಮೂಲದ ಸುವಿಶಾಖ ಅನ್ನುವ ಅಧಿಕಾರಿ ನಿಂತು ಮೊದಲಿಗಿಂತ ಮೂರು ಪಟ್ಟು ಗಟ್ಟಿಯಾಗಿ ಏರಿ ಕಟ್ಟಿಸಿದ.

ಖರ್ಚು? ರಾಜನ ಬೊಕ್ಕಸದಿಂದ. ಇದಕ್ಕಾಗಿ ಜನರ ಮೇಲೆ ಕರ ಹಾಕಲಿಲ್ಲ, ವಿಷ್ಟಿ ಹೇರಲಿಲ್ಲ ಅಂತ ಶಾಸನ ಎದೆ ತಟ್ಟಿ ಹೇಳುತ್ತೆ. ವಿಷ್ಟಿ ಅಂದ್ರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ನಮ್ಮ ‘ಬಿಟ್ಟಿ’ ಇದರದ್ದೇ ತದ್ಭವ. ಮತ್ತೆ ಸುಮಾರು 300 ವರ್ಷದ ಮೇಲೆ, ಕ್ರಿ.ಶ. 455ರ ಸುಮಾರಿಗೆ ಕೆರೆ ಇನ್ನೊಮ್ಮೆ ಒಡೆದಾಗ, ಸ್ಕಂದಗುಪ್ತನ ಅಧಿಕಾರಿ ಪರ್ಣದತ್ತನ ಮಗ ಚಕ್ರಪಾಲಿತ ಅದನ್ನು ಸರಿ ಮಾಡಿಸಿ ಅದೇ ಬಂಡೆಯ ಮೇಲೆ ಬರೆಸಿದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಚೇಂಜ್ ಲಾಗ್. ಹಿಂದಿನವರ ಹೆಸರು ಅಳಿಸಿಲ್ಲ, ಕೆಳಗೆ ಸೇರಿಸಿದ್ದಾರೆ ಅಷ್ಟೇ.

ಕೆರೆಯ ಬಂಡಿ

ನಮ್ಮ ನಾಡಿನ ಕೆರೆಗಳ ಕಥೆಯೂ ಇದೇ ದಾರಿಯದು. ಕೆರೆ ಕಟ್ಟಿದವರಿಗೆ, ಒಡೆದ ಕೆರೆಯನ್ನು ಮತ್ತೆ ಕಟ್ಟಿಸಿದವರಿಗೆ ಬಿಡುತ್ತಿದ್ದ ಭೂಮಿಗೆ ಕಟ್ಟುಕೊಡಗೆ, ಕೆರೆಗೊಡಗೆ, ದಸವಂದ ಅಂತ ಹೆಸರುಗಳಿದ್ದವು. ದಸವಂದದಲ್ಲಿರೋ ‘ದಸ’ ಹತ್ತು, ಹತ್ತರಲ್ಲೊಂದು ಪಾಲಿನ ಲೆಕ್ಕದಿಂದ ಬಂದದ್ದು. ಹೂಳು ಹೊರಲು ‘ಕೆರೆಯ ಬಂಡಿ’, ಅದನ್ನೆಳೆಯುವ ಕೋಣ, ಅದರ ಖರ್ಚಿಗೆ ಬಿಟ್ಟ ದತ್ತಿ, ಇವೂ ಶಾಸನಗಳಲ್ಲಿ ಬರುತ್ತವೆ. ಕೆರೆ ಒಡೆದ ಮೇಲೆ ಓಡಿಹೋಗುವ ವ್ಯವಸ್ಥೆ ಅಲ್ಲ ಇದು. ಒಡೆಯದ ಹಾಗೆ ವರ್ಷವಿಡೀ ಬಂಡಿ ಓಡಿಸುವ ವ್ಯವಸ್ಥೆ.

ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನ ಇದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ದಿನಕ್ಕೆ 1000 ಆಳು, 100 ಬಂಡಿ, ಎರಡು ವರ್ಷದ ಕೆಲಸ. ಆ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ, ಕೆರೆಗೆ ಇರಬಾರದ 6 ದೋಷಗಳನ್ನೂ ಪಟ್ಟಿ ಮಾಡುತ್ತೆ. ಏರಿಯಿಂದ ನೀರು ಜಿನುಗೋದು, ಉಪ್ಪು ಮಣ್ಣು, ಕೆರೆಯಂಗಳದ ನಡುವೆ ದಿಬ್ಬ ಇರೋದು ಇವೆಲ್ಲ ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರೋದೂ ಒಂದು ದೋಷ! ಕಾವೇರಿ, ಕೃಷ್ಣಾ ಅಂತ ಪೇಪರ್ ಓದುವ ನಮಗೆ ಇದು ಅರ್ಥ ಆಗುತ್ತೆ.

ಹಾಗಾದ್ರೆ ಈ ‘ಸರಿ ಮಾಡುವ’ ಮಾತು ಸರ್ಕಾರದ ಬಾಯಿಂದ ಯಾವಾಗ ಜಾರಿತು? 19ನೇ ಶತಮಾನದ ಮೊದಲ ಭಾಗದಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಕೆರೆ ಕಾಲುವೆ ನೋಡಿಕೊಳ್ಳುವ ವಿಭಾಗದ ಹೆಸರೇ ‘ಮರಾಮತ್’. 1850ರ ದಶಕದಲ್ಲಿ ಡಾಲ್‌ಹೌಸಿ ಕಾಲಕ್ಕೆ ಪಬ್ಲಿಕ್ ವರ್ಕ್ಸ್ ಡಿಪಾರ್ಟ್‌ಮೆಂಟ್ ಬಂತು. ಇವತ್ತು ಆ ಇಲಾಖೆಯನ್ನು ಒಂದೊಂದು ಭಾಷೆ ಏನಂತ ಕರೆಯುತ್ತೆ ನೋಡಿ. ಹಿಂದಿಯಲ್ಲಿ ಲೋಕ ನಿರ್ಮಾಣ್. ಮರಾಠಿಯಲ್ಲಿ ಸಾರ್ವಜನಿಕ್ ಬಾಂಧಕಾಮ್. ಎರಡೂ ಕಟ್ಟೋದೇ. ತಮಿಳಿನಲ್ಲಿ ಪೊದುಪ್ಪಣಿ, ಸಾರ್ವಜನಿಕ ಕೆಲಸ. ಕನ್ನಡದಲ್ಲಿ ಲೋಕೋಪಯೋಗಿ. ಮಲಯಾಳದಲ್ಲಿ ಮಾತ್ರ ಇವತ್ತಿಗೂ ‘ಪೊದುಮರಾಮತ್ತ್’. ಪದಶಃ ಹೇಳಿದ್ರೆ ಸಾರ್ವಜನಿಕ ದುರಸ್ತಿ ಇಲಾಖೆ! ಮುಂದಿನ ಸಲ ಕೇರಳಕ್ಕೆ ಟ್ರಿಪ್ ಹೋದಾಗ ಬೋರ್ಡು ನೋಡಿ.

ಮೈಸೂರು ಸೀಮೆಯಲ್ಲಿ 1860ರ ದಶಕದಲ್ಲಿ ಚೀಫ್ ಇಂಜಿನಿಯರ್ ಆಗಿದ್ದ ಸ್ಯಾಂಕಿ, ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟವರು, ಒಂದು ಮಾತು ಬರೆದಿಟ್ಟಿದ್ದಾರೆ. ಇಲ್ಲಿ ಎಷ್ಟು ಕೆರೆಗಳಿವೆ ಅಂದ್ರೆ ಹೊಸದಕ್ಕೆ ಜಾಗ ಹುಡುಕೋದೇ ಒಂದು ಜಾಣತನ. ಹಳೆಯದನ್ನು ಸರಿ ಮಾಡಬಹುದು. ಆದರೆ ಹೊಸದಾಗಿ ಕಟ್ಟಿದರೆ ಕೆಳಗಿನ ಇನ್ನೊಂದು ಕೆರೆಯ ನೀರಿಗೆ ಕತ್ತರಿ ಬೀಳೋದು ಹೆಚ್ಚುಕಡಿಮೆ ಖಂಡಿತ. ಇಂಜಿನಿಯರ್ ಒಬ್ಬರೇ ಹೇಳಿದ ಮಾತಿದು: ಎಷ್ಟೋ ಕಡೆ ದುರಸ್ತಿ ಮಾತ್ರ ದಾರಿ, ಹೊಸದು ಕಟ್ಟೋದು ಹಾನಿ.

ಬೇಲೂರಿನ ತೇಪೆ

ಈಗ ದೇವಸ್ಥಾನಕ್ಕೆ ವಾಪಸ್ ಬರೋಣ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು, ಇದು ಎಲ್ಲರಿಗೂ ಗೊತ್ತು. ಆದರೆ ಅದು ನಿಂತಿರೋದು ಕಟ್ಟಿದವರಿಂದ ಮಾತ್ರ ಅಲ್ಲ. ವಿಜಯನಗರದ ಎರಡನೇ ಹರಿಹರನ ಕಾಲದಲ್ಲಿ, 1381ರಲ್ಲಿ, ಕಂಪಣ್ಣ ಅನ್ನುವ ಅಧಿಕಾರಿ ಒಳಗೆ ನಾಲ್ಕು ಕಂಬ ನಿಲ್ಲಿಸಿದ. ಮುಂದೆ ಮಹಾದ್ವಾರ ದಾಳಿಯಲ್ಲಿ ಸುಟ್ಟುಹೋಗಿತ್ತು. ಅದರ ಗೋಪುರವನ್ನು 1397ರಲ್ಲಿ ಗುಂಡ ದಂಡನಾಯಕ ಮತ್ತೆ ಎತ್ತಿಸಿದ. ಇವರು ಯಾರೂ "ಹಳತಾಯ್ತು, ಕೆಡವಿ ಹೊಸ ಶೈಲಿಯಲ್ಲಿ ಕಟ್ಟೋಣ" ಅನ್ನಲಿಲ್ಲ. ವಿಜಯನಗರದವರಿಗೆ ಶಕ್ತಿ ಇರಲಿಲ್ಲವಾ? ಹಂಪಿ ಕಟ್ಟಿದವರು ಅವರು! ಆದರೆ ಹೊಯ್ಸಳರ ಕೆಲಸಕ್ಕೆ ಆಸರೆ ಕೊಟ್ಟು ಪಕ್ಕಕ್ಕೆ ನಿಂತರು. ಇದು ಜೀರ್ಣೋದ್ಧಾರ.

ಶಾಸ್ತ್ರ ಬದಲಾವಣೆಗೆ ಒಪ್ಪೋದೇ ಇಲ್ಲ ಅಂತಲ್ಲ. ಅಗ್ನಿಪುರಾಣದಲ್ಲಿ ಜೀರ್ಣೋದ್ಧಾರದ ವಿಧಿಗೇ ಅಧ್ಯಾಯ ಇದೆ. ಭಗ್ನವಾದ ಮೂರ್ತಿಯನ್ನು ವಿಸರ್ಜಿಸಿ ಹೊಸದನ್ನು ಇಡಬಹುದು ಅನ್ನುತ್ತೆ. ಆದರೆ ಹಳೆಯದು ಯಾವ ಅಳತೆಯದೋ ಅದೇ ಅಳತೆ, ಯಾವ ದ್ರವ್ಯದ್ದೋ ಅದೇ ದ್ರವ್ಯ. ಕಲ್ಲು ಹೋದರೆ ಕಲ್ಲೇ ಬರಬೇಕು.

ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದ ಮೆಸೇಜು

ಇದನ್ನೆಲ್ಲ ಈಗ ಯಾಕೆ ಹೇಳ್ತಿದ್ದೀನಿ ಅಂದ್ರೆ, ಈ ವರ್ಷ ನಮ್ಮೂರಿನ ಈಶ್ವರನ ಗುಡಿಗೂ ಜೀರ್ಣೋದ್ಧಾರದ ಮನವಿ ಬಂದಿದೆ. ಹೊರಗಿರುವ ಭಕ್ತರು ಧಾರಾಳವಾಗಿ ಸಹಾಯ ಮಾಡಬೇಕು ಅಂತ. ಇಂಥ ಮೆಸೇಜು ನಿಮ್ಮ ಗ್ರೂಪಿಗೂ ಬಂದಿರುತ್ತೆ. ಜೊತೆಗೆ ಒಂದು ಬಣ್ಣದ ಚಿತ್ರ: ಆರ್‌ಸಿಸಿ ಚಾವಣಿ, ಹೊಳೆಯುವ ಗ್ರಾನೈಟು, ಟೈಲ್ಸು. ಈಗಿರೋದು ಸಣ್ಣ ಕಲ್ಲಿನ ಗುಡಿ. ಮೂಲೆಯಲ್ಲಿ ಸೋರುತ್ತೆ, ಒಂದು ತೊಲೆ ಬಿರುಕು ಬಿಟ್ಟಿದೆ. ಬಾಗಿಲ ಪಕ್ಕ ಅಕ್ಷರ ಇರುವ ಒಂದು ಕಲ್ಲು ಅರ್ಧ ಹೂತುಹೋಗಿ ನಿಂತಿದೆ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ನೀನು ಪುಣೆಲಿ ಕೂತ್ಕೊಂಡು ಹೇಳ್ತೀಯ ಕಣೋ. ಮಳೆಗಾಲದಲ್ಲಿ ತಲೆ ಮೇಲೆ ನೀರು ಹುಯ್ಯಿಸ್ಕೊಂಡು ಪೂಜೆಗೆ ನಿಲ್ಲೋರು ನಾವು" ಅಂದರು. ಅವರ ಮಾತು ನ್ಯಾಯವೇ. ಗುಡಿ ಮ್ಯೂಸಿಯಂ ಅಲ್ಲ, ಅಲ್ಲಿ ದಿನಾ ದೀಪ ಹಚ್ಚಬೇಕು. ನಾನು ಕೇಳಿದ್ದು ಒಂದೇ: "ಚಿಕ್ಕಪ್ಪ, ಒಂದು ತೊಲೆ ಬಿರಿದಿದೆ, ಒಂದು ಮೂಲೆ ಸೋರುತ್ತೆ. ಅದಕ್ಕೆ ನಾಲ್ಕು ಗೋಡೆ ಯಾಕೆ ಕೆಡವಬೇಕು?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಭೆಲಿ ಕೇಳ್ತೀನಿ" ಅಂದಿದ್ದಾರೆ. ಸಭೆ ಇನ್ನೂ ಆಗಿಲ್ಲ.

"ಹಳೆ ಕಲ್ಲು ಬಿಚ್ಚಿದರೆ ಮತ್ತೆ ಕೂರಿಸೋಕೆ ಆಗಲ್ಲ" ಅಂತ ಕಂಟ್ರಾಕ್ಟರ್‌ಗಳು ಹೇಳ್ತಾರೆ. ಹೈದರಾಬಾದಿನವರು ಒಂದು ಭಾನುವಾರ ಆಲಂಪುರಕ್ಕೆ ಹೋಗಿ ಬನ್ನಿ. ಬಾದಾಮಿ ಚಾಲುಕ್ಯರ ಕಾಲದ ಕೂಡಲಿ ಸಂಗಮೇಶ್ವರ ದೇವಸ್ಥಾನ ಶ್ರೀಶೈಲಂ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಬೇಕಿತ್ತು. ಇಡೀ ದೇವಸ್ಥಾನವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಆಲಂಪುರದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಇಡೀ ದೇವಸ್ಥಾನವೇ ಊರು ಬದಲಿಸಿ ಮತ್ತೆ ನಿಲ್ಲೋದಾದ್ರೆ, ಒಂದು ತೊಲೆಯನ್ನು ಇದ್ದಲ್ಲೇ ಬದಲಿಸೋದು ಆಗದ ಮಾತಾ?

ಪುರಾತತ್ವ ಇಲಾಖೆಯಲ್ಲಿ ಜಾನ್ ಮಾರ್ಷಲ್ 1923ರಲ್ಲಿ ಸಂರಕ್ಷಣೆಯ ಕೈಪಿಡಿ ಬರೆದಾಗ, ಮುರಿದಿದ್ದರೂ ಮೂಲದ್ದೇ ಹೊಸ ನಕಲಿಗಿಂತ ಬೆಲೆಯುಳ್ಳದ್ದು ಅನ್ನುವ ನಿಲುವು ಇಟ್ಟರು. ಅದು ಇಂಗ್ಲಿಷರ ಯೋಚನೆ, ನಮ್ಮದಲ್ಲ ಅನ್ನೋರಿದ್ದಾರೆ. ಆದರೆ ‘ಖಂಡಸ್ಫುಟಿತ’ ಅನ್ನುವ ಪದ ಮಾರ್ಷಲ್ ಹುಟ್ಟೋದಕ್ಕೆ ಎಷ್ಟೋ ನೂರು ವರ್ಷ ಮೊದಲೇ ನಮ್ಮ ಕಲ್ಲುಗಳ ಮೇಲಿತ್ತಲ್ಲ?

ಕೇಳಬೇಕಾದ ನಾಲ್ಕು ಪ್ರಶ್ನೆ

ದುಡ್ಡು ಕಳಿಸಬೇಡಿ ಅಂತ ನಾನು ಹೇಳ್ತಿಲ್ಲ. ಕಳಿಸಿ. ಊರು ಬಿಟ್ಟು ಬಂದವರ ಮಾತಿಗೆ ಊರಿನಲ್ಲಿ ತೂಕ ಇರೋದು ಹೆಚ್ಚಾಗಿ ಈ ಚಂದಾ ಕೊಡುವ ಹೊತ್ತಿನಲ್ಲೇ. ಅದನ್ನು ಉಪಯೋಗಿಸಿಕೊಳ್ಳಿ. ಕಳಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿ.

ಒಂದು: ಏನು ಕೆಟ್ಟಿದೆ? ಮುರಿದದ್ದು ಯಾವುದು, ಬಿರಿದದ್ದು ಯಾವುದು, ಸವೆದದ್ದು ಯಾವುದು, ಬೇರೆ ಬೇರೆಯಾಗಿ ಹೇಳಿ. "ಎಲ್ಲಾ ಹಳತಾಗಿದೆ" ಅನ್ನೋದು ಉತ್ತರ ಅಲ್ಲ.

ಎರಡು: ಅಕ್ಷರ ಇರುವ ಕಲ್ಲು, ವೀರಗಲ್ಲು, ಮಾಸ್ತಿಕಲ್ಲು ಏನಾದರೂ ಅಲ್ಲಿದೆಯಾ? ಕೆಲಸ ಶುರುವಾಗುವ ಮೊದಲು ಪ್ರತಿಯೊಂದರ ಫೋಟೋ ತೆಗೆಸಿ. ಎಷ್ಟೋ ಊರಿನ ಹೆಸರಿನ ಮೊದಲ ದಾಖಲೆ ಅಂಥ ಕಲ್ಲಿನಲ್ಲೇ ಇರುತ್ತೆ.

ಮೂರು: ಬದಲಿಸಲೇಬೇಕಾದದ್ದನ್ನು ಅದೇ ದ್ರವ್ಯದಲ್ಲಿ, ಅದೇ ಅಳತೆಯಲ್ಲಿ ಮಾಡಬಲ್ಲ ಕೆಲಸದವರನ್ನು ವಿಚಾರಿಸಿದ್ದಾರಾ?

ನಾಲ್ಕು: ಇದು ಮುಖ್ಯ. ಮುಂದಿನ ವರ್ಷ ಯಾರು ನೋಡಿಕೊಳ್ತಾರೆ? ಚಾವಣಿ ಮೇಲಿನ ಗಿಡ ಕೀಳೋದು, ನೀರು ಹೋಗುವ ತೂತಿನ ಕಸ ತೆಗೆಯೋದು, ಸಂದಿಗೆ ಗಾರೆ ತುಂಬೋದು, ಇದಕ್ಕೆ ಗದ್ದೆ ಬಿಡೋಕೆ ನಮ್ಮ ಹತ್ತಿರ ಗದ್ದೆ ಇಲ್ಲ. ಆದರೆ ಹತ್ತು ಜನ ಸೇರಿ ಬ್ಯಾಂಕಿನಲ್ಲಿ ಒಂದು ಠೇವಣಿ ಇಟ್ಟು, ಬಡ್ಡಿ ಮಾತ್ರ ವರ್ಷ ವರ್ಷ ಈ ಕೆಲಸಕ್ಕೇ ಹೋಗಲಿ ಅಂತ ಬರೆದುಕೊಡಬಹುದು. ಸಾವಿರ ವರ್ಷದ ಹಿಂದಿನ ಖಂಡಸ್ಫುಟಿತ ದತ್ತಿಯ ಇವತ್ತಿನ ರೂಪ ಅದೇ. ಉದ್ಘಾಟನೆಯ ಕಲ್ಲಿನ ಮೇಲೆ ಹೆಸರು ಬರೋದಿಲ್ಲ, ನಿಜ. ಆದರೆ ಹಿಂದೆ ಕಟ್ಟಿದವರೇ ಕಾಯುವವನ ಪದವಿ ದೊಡ್ಡದು ಅಂತ ಬರೆಸಿಟ್ಟು ಹೋಗಿದ್ದಾರೆ.

ನಿಮ್ಮೂರಿನಲ್ಲಿ ಗುಡಿಯನ್ನೋ ಕೆರೆಯನ್ನೋ ಕೆಡವದೆ ಸರಿ ಮಾಡಿದ್ದರೆ, ಹೇಗೆ ಮಾಡಿದರು, ಏನು ಖರ್ಚಾಯ್ತು ಅಂತ ಬರೆದು ಕಳಿಸಿ. ಚಿಕ್ಕಪ್ಪನ ಸಭೆಗೆ ಮುಂಚೆ ಅಂಥ ಒಂದೆರಡು ಉದಾಹರಣೆ ಸಿಕ್ಕರೆ ನನಗೂ ಬಲ.